ಬೇಟೆ ನಿಂತಿತು, ಬೇಟೆಗಾರ ಎಲ್ಲಿ ಹೋದ?

2023ರ ಏಪ್ರಿಲ್ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಹೆಸರು ಪತ್ರಿಕೆಗಳಲ್ಲಿ ಎರಡು ಸಲ ದೊಡ್ಡದಾಗಿ ಬಂತು. ಮೊದಲನೆಯದು ಆನೆಯ ಸುದ್ದಿ. ತಾಲ್ಲೂಕಿನ ಸೋಮಲಾಪುರದಲ್ಲಿ ಕಾಡಾನೆ ಹದಿಹರೆಯದ ಹುಡುಗಿಯೊಬ್ಬಳನ್ನು ಕೊಂದಿತು. ಅದನ್ನು ಹಿಡಿಯಲು ಸಕ್ರೆಬೈಲಿನ ಆನೆ ಬಿಡಾರದಿಂದ ಸಾಕಾನೆಗಳು ಬಂದವು. ಪಕ್ಕದ ನ್ಯಾಮತಿ ತಾಲ್ಲೂಕಿನ ಜೀನಹಳ್ಳಿ ಕಾಡಿನಲ್ಲಿ ನಡೆದ ಕಾರ್ಯಾಚರಣೆಯಲ್ಲಿ ವನ್ಯಜೀವಿ ವೈದ್ಯ ಡಾ. ವಿನಯ್ ಆನೆಯ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡರು. ಎರಡನೆಯದು ಆಫ್ರಿಕದಿಂದ ಬಂದ ಸುದ್ದಿ. ಸುಡಾನಿನಲ್ಲಿ ಏಪ್ರಿಲ್ 15ರಂದು ಸೇನಾ ಬಣಗಳ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ, ಹಕ್ಕಿ ಹಿಡಿಯುವ ಕುಲದ ಹಕ್ಕಿ-ಪಿಕ್ಕಿ ಜನರಿದ್ದರು. ಚನ್ನಗಿರಿ ತಾಲ್ಲೂಕಿನ ಹಕ್ಕಿ-ಪಿಕ್ಕಿ ಕ್ಯಾಂಪುಗಳವರೂ ಅವರಲ್ಲಿದ್ದರು. ಭಾರತ ಸರ್ಕಾರದ 'ಆಪರೇಷನ್ ಕಾವೇರಿ' ಅವರನ್ನು ಊರಿಗೆ ತಂದು ಮುಟ್ಟಿಸಿತು.

ಅದೇ ದಿನಗಳಲ್ಲಿ ರಾಜ್ಯದಲ್ಲಿ ವಿಧಾನಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಲ್ಲಿತ್ತು. ಚುನಾವಣೆ ಬಂತೆಂದರೆ ರೈತನ ಪರವಾನಗಿ ಬಂದೂಕು ಪೊಲೀಸ್ ಠಾಣೆ ಸೇರುವುದು ವಾಡಿಕೆ. ಆನೆ ಹೊಲದಲ್ಲಿ, ಬಂದೂಕು ಠಾಣೆಯಲ್ಲಿ, ಕಾಡಿನ ಹೆಜ್ಜೆಗುರುತು ಓದಬಲ್ಲ ಕುಲದವರು ಪರದೇಶದಲ್ಲಿ. ಹಕ್ಕಿ-ಪಿಕ್ಕಿಗಳು ಆನೆ ಹಿಡಿಯುವವರಲ್ಲ. ಅವರಿದ್ದಿದ್ದರೆ ಆ ಹುಡುಗಿ ಉಳಿಯುತ್ತಿದ್ದಳು ಎಂದು ಹೇಳಿದರೆ ಅದು ಅನ್ಯಾಯದ ಮಾತಾಗುತ್ತದೆ. ಆದರೆ ಈ ಮೂರೂ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಪ್ರಶ್ನೆ ಏಳುತ್ತದೆ: ಕಾಡನ್ನು ಬಲ್ಲ ಜನರೊಂದಿಗೆ, ಕಾಡು ಕಾಯುವ ಇಲಾಖೆಗೆ ಇರುವ ಸಂಬಂಧ ಯಾವುದು?

ಅಮೆರಿಕದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿದೆ. ಅಲ್ಲಿ ಪ್ರತಿ ರಾಜ್ಯಕ್ಕೂ ಒಂದು ವನ್ಯಜೀವಿ ಇಲಾಖೆ ಇದೆ. ಬೇಟೆಗಾರನೂ ಗಾಳ ಹಾಕುವವನೂ ಅದರ ಬಾಗಿಲಿಗೆ ಬಂದು ಲೈಸೆನ್ಸ್ ಪಡೆಯುತ್ತಾರೆ, ತರಬೇತಿ ಪಡೆಯುತ್ತಾರೆ. ಸೇವೆಯಲ್ಲಿರುವ ಸೈನಿಕರಿಗೆ, ಸೇವೆಯ ವೇಳೆ ಅಂಗವಿಕಲರಾದ ಮಾಜಿ ಸೈನಿಕರಿಗೆ ಟೆಕ್ಸಸ್‌ನಂಥ ರಾಜ್ಯಗಳು ಬೇಟೆ ಮತ್ತು ಮೀನು ಹಿಡಿಯುವ ಲೈಸೆನ್ಸನ್ನು ಉಚಿತವಾಗಿ ಕೊಡುತ್ತವೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆ ನೇರವಾಗಿ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. 1950ರಲ್ಲಿ ಗಾಳ, ದಾರ, ಕೋಲುಗಳ ಮೇಲಿನ ತೆರಿಗೆಗೂ ಇಂಥದೇ ಕಾನೂನು ಬಂತು. ಬೇಟೆಗಾರನ ದುಡ್ಡಿನಿಂದ ಕಾಡು ನಡೆಯುವ ಈ ಪದ್ಧತಿಯನ್ನು ಇಲ್ಲಿಗೆ ತರಬೇಕೆಂದು ಯಾರೂ ಕೇಳಬಾರದು. ದುಡ್ಡು ಕೊಟ್ಟವನ ಮಾತು ನಡೆಯುತ್ತದೆ. ಜಿಂಕೆ ಎಷ್ಟಿರಬೇಕು, ತೋಳ ಎಷ್ಟಿರಬೇಕು ಎನ್ನುವುದನ್ನು ಗುಂಡು ಹೊಡೆಯುವವನ ಆಸೆ ನಿರ್ಧರಿಸುವ ಅಪಾಯ ಅದರಲ್ಲಿದೆ. ಆದರೆ ಅಲ್ಲಿಂದ ಕಲಿಯಬಹುದಾದ ಸಂಗತಿಯೂ ಒಂದಿದೆ. ಬಂದೂಕು ಹಿಡಿದವನು, ಗಾಳ ಹಿಡಿದವನು, ಸೈನ್ಯದಿಂದ ಬಂದವನು ಯಾರು, ಎಲ್ಲಿದ್ದಾನೆ, ಏನು ಬಲ್ಲ ಎಂಬುದು ಆ ಇಲಾಖೆಗೆ ಗೊತ್ತಿದೆ.

ನಮ್ಮಲ್ಲೂ ಒಂದು ಕಾಲದಲ್ಲಿ ಗೊತ್ತಿತ್ತು. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಾರಿಕೆಯನ್ನು ಹತೋಟಿಯಲ್ಲಿಡಲು ಕಾನೂನು ಮಾಡಿತ್ತು. ಲೈಸೆನ್ಸ್ ಇದ್ದವನು ಶಿಕಾರಿ, ಇಲ್ಲದವನು ಕಳ್ಳ. ಆ ಕಾಲದ ಶಿಕಾರಿಯ ಲೋಕ ಹೇಗಿತ್ತೆಂಬುದು ಕನ್ನಡಿಗರಿಗೆ ಗೊತ್ತಿರುವುದು ಹೆಚ್ಚಾಗಿ ಬೇಟೆಗಾರ-ಲೇಖಕ ಕೆನೆತ್ ಆಂಡರ್ಸನ್‌ನಿಂದ, ಅವನನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರಿಂದ. ಆಂಡರ್ಸನ್ 1954ರ ತನ್ನ ಪುಸ್ತಕದಲ್ಲಿ ಹೇಳಿದ ನರಭಕ್ಷಕಗಳಲ್ಲಿ ಒಂದು ಹೊಸದುರ್ಗ-ಹೊಳಲ್ಕೆರೆ ಸೀಮೆಯದು; ಹೊಳಲ್ಕೆರೆಗೂ ಚನ್ನಗಿರಿಗೂ ಗಡಿ ಕೂಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಮೊದಲಿಗೆ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ದೊಡ್ಡ ಬೇಟೆಗೆ, ಸಣ್ಣ ಬೇಟೆಗೆ, ಬೋನು-ಬಲೆ ಒಡ್ಡಿ ಹಿಡಿಯುವುದಕ್ಕೆ ಬೇರೆ ಬೇರೆ ಲೈಸೆನ್ಸುಗಳನ್ನು ಅದು ಉಳಿಸಿಕೊಂಡಿತ್ತು. ಲೈಸೆನ್ಸ್ ಪಡೆದವನು ಕೊಂದ, ಹಿಡಿದ ಪ್ರಾಣಿಯ ಲೆಕ್ಕ ಬರೆದಿಡಬೇಕಿತ್ತು. 1991ರ ತಿದ್ದುಪಡಿ ಈ ಎಲ್ಲವನ್ನೂ ತೆಗೆದುಹಾಕಿತು.

ಅದು ಸರಿಯಾದ ನಿರ್ಧಾರ. ಚೀತಾ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಿದ ದೇಶ ಇದು. 1972ರ ಎಣಿಕೆಯಲ್ಲಿ 1,827 ಹುಲಿಗಳಷ್ಟೇ ಸಿಕ್ಕ ದೇಶ. ಬೇಟೆ ನಿಲ್ಲದಿದ್ದರೆ ಇದೇ ಜಿಲ್ಲೆಯ ಜಗಳೂರಿನ ಕುರುಚಲು ಕಾಡಿನಲ್ಲಿ ಕೊಂಡುಕುರಿ ಉಳಿಯುತ್ತಿರಲಿಲ್ಲ. ಗಂಡಿಗೆ ನಾಲ್ಕು ಕೊಂಬು ಬರುವ, ಒಂಟಿಯಾಗಿಯೋ ಜೋಡಿಯಾಗಿಯೋ ಓಡಾಡುವ, ನೀರಿನಿಂದ ದೂರ ಹೋಗದ ಈ ಪುಟ್ಟ ಪ್ರಾಣಿಗಾಗಿಯೇ 2011ರಲ್ಲಿ ರಂಗಯ್ಯನದುರ್ಗ ವನ್ಯಜೀವಿಧಾಮ ಘೋಷಣೆಯಾಯಿತು. ವಿಸ್ತಾರ ಸುಮಾರು 77 ಚದರ ಕಿಲೋಮೀಟರ್. ಬರಗಾಲಕ್ಕೆ ಹೆಸರಾದ ತಾಲ್ಲೂಕಿನ ಪಾಲಿಗೆ ಇದು ಹೆಮ್ಮೆಯ ಸಂಗತಿ.

ಎಡವಟ್ಟಾದದ್ದು ಇನ್ನೊಂದು ಕಡೆ. ಲೈಸೆನ್ಸಿನ ಪುಸ್ತಕ ಮುಚ್ಚಿದ ದಿನವೇ ಬೇಟೆಗಾರನೊಡನೆ ಇದ್ದ ಪರಿಚಯವೂ ಮುಗಿಯಿತು. ಅಂದಿನಿಂದ ಅರಣ್ಯ ಇಲಾಖೆಗೆ ಬಂದೂಕಿನವನ ಹೆಸರು ತಿಳಿಯುವುದು ಬಹುಮಟ್ಟಿಗೆ ಅವನು ಆರೋಪಿಯಾದಾಗಲೇ.

ಇದೇ ಜಿಲ್ಲೆಯ ಹೊನ್ನಾಳಿಯ ಗದ್ದೆ ಬಯಲನ್ನೇ ನೋಡಬಹುದು. ಭದ್ರಾ ನಾಲೆಯ ನೀರಿನಲ್ಲಿ ಬೇಸಿಗೆ ಭತ್ತ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿ ಇಳಿಯುತ್ತದೆ. ಮಳೆಗಾಲದಲ್ಲಿ ಜಗಳೂರಿನ ಮೆಕ್ಕೆಜೋಳ, ಶೇಂಗಾಕ್ಕೆ ಅದೇ ಗತಿ. ಹಂದಿಯ ಹಿಂಡು ತಿಂದದ್ದಕ್ಕಿಂತ ಉರುಳಿಸಿದ್ದೇ ಹೆಚ್ಚು. ಬೆಳಗಾಗುವಷ್ಟರಲ್ಲಿ ಅರ್ಧ ಎಕರೆ ಚಾಪೆ ಹಾಸಿದಂತೆ ಮಲಗಿರುತ್ತದೆ. ರೈತ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ಮೊಬೈಲಿನಲ್ಲಿ ತೆಗೆದ ಫೋಟೊ ಹಿಡಿದು ವಲಯ ಅರಣ್ಯಾಧಿಕಾರಿಯ, ಅಂದರೆ ಆರ್‌ಎಫ್‌ಒ ಕಚೇರಿಗೆ ಹೋಗುತ್ತಾನೆ. ಸಿಬ್ಬಂದಿ ಬಂದು ಮಹಜರು ಮಾಡುವ ತನಕ ಬಿದ್ದ ಬೆಳೆಯನ್ನು ಮುಟ್ಟುವಂತಿಲ್ಲ. ಹಣ ಬರುವಾಗ ಬರುತ್ತದೆ, ಹಂದಿ ಮಾತ್ರ ಮಾರನೆಯ ರಾತ್ರಿಯೇ ಬರುತ್ತದೆ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಕೇಪಿನ ಕೋವಿಗೆ ಲೈಸೆನ್ಸ್ ಕೊಡಲು ಹೇಳುತ್ತದೆ. ವನ್ಯಜೀವಿ ಕಾಯ್ದೆಯ 11ನೇ ಕಲಮು, ನಿಂತ ಬೆಳೆಗೆ ಅಪಾಯಕಾರಿಯಾದ ಎರಡನೇ ಅನುಸೂಚಿಯ ಪ್ರಾಣಿಯನ್ನು ಲಿಖಿತ ಅನುಮತಿಯ ಮೇಲೆ ಕೊಲ್ಲಲು ಅವಕಾಶ ಕೊಡುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಈ ಅನುಸೂಚಿಯಲ್ಲಿದೆ. ಆದರೆ ಬಂದೂಕಿನ ಕಡತ ಇರುವುದು ಡಿಸಿ ಆಫೀಸಿನಲ್ಲಿ, ಬಂದೂಕಿನ ಮೇಲಿನ ಕಣ್ಣು ಪೊಲೀಸರದ್ದು, ಹಂದಿಯ ಅನುಮತಿ ಅರಣ್ಯ ಇಲಾಖೆಯದ್ದು. ಈ ಮೂರೂ ಒಂದೇ ಮೇಜಿನ ಮೇಲೆ ಸೇರುವುದಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಕಾಡು ಆಡಳಿತದಲ್ಲಿ ಭದ್ರಾವತಿ ಅರಣ್ಯ ವಿಭಾಗಕ್ಕೆ ಸೇರಿದ್ದು, ಜಗಳೂರಿನದು ದಾವಣಗೆರೆ ವಿಭಾಗಕ್ಕೆ. 1997ರಲ್ಲಿ ಜಿಲ್ಲೆ ಹೊಸದಾಯಿತು, ಕಾಡಿನ ಗಡಿ ಹಳೆಯದಾಗಿಯೇ ಉಳಿಯಿತು. ಹೀಗೆ ಅಲೆದು ಬೇಸತ್ತವನು ಬೇಲಿಗೆ ಕರೆಂಟು ಕೊಡುತ್ತಾನೆ, ಉರುಳು ಹಾಕುತ್ತಾನೆ, ಸಿಡಿಮದ್ದಿನ ಉಂಡೆ ಇಡುತ್ತಾನೆ. ತಂತಿಗೆ ಹಂದಿ ಯಾವುದು, ಚಿರತೆ ಯಾವುದು, ನೀರು ಕಟ್ಟಲು ಹೊರಟ ಮನುಷ್ಯ ಯಾರು ಎಂದು ಗೊತ್ತಾಗುವುದಿಲ್ಲ. ಲೆಕ್ಕಕ್ಕೆ ಸಿಗುವ, ಹಗಲಿನಲ್ಲಿ ಅನುಮತಿಯ ಮೇಲೆ ಹಾರುವ ಒಂದು ಗುಂಡಿಗಿಂತ ಲೆಕ್ಕಕ್ಕೆ ಸಿಗದ ತಂತಿ ಕಾಡಿಗೆ ಹೆಚ್ಚು ಅಪಾಯಕಾರಿ.

ಕೇರಳ ಇದಕ್ಕೊಂದು ದಾರಿ ಹುಡುಕಿತು. 2022ರ ಮೇ ತಿಂಗಳಲ್ಲಿ ಅದು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರನ್ನು ಗೌರವ ವನ್ಯಜೀವಿ ಪರಿಪಾಲಕರನ್ನಾಗಿ ನೇಮಿಸಿ, ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಪರವಾನಗಿ ಬಂದೂಕುಗಾರರಿಂದ ಹೊಡೆಸುವ ಅಧಿಕಾರ ಕೊಟ್ಟಿತು. ಆ ವ್ಯವಸ್ಥೆಯಲ್ಲಿ ದೋಷಗಳಿರಬಹುದು. ಪಂಚಾಯಿತಿ ರಾಜಕೀಯ ಬಲ್ಲವರಿಗೆ ಅದು ಎಲ್ಲಿ ಹಾದಿ ತಪ್ಪಬಹುದೆಂದು ಹೇಳಿಕೊಡಬೇಕಾಗಿಲ್ಲ. ಆದರೂ ಬಂದೂಕುಗಾರನ ಹೆಸರು ಅಲ್ಲಿ ಪಟ್ಟಿಯಲ್ಲಿದೆ, ಹೊಡೆದ ಹಂದಿಯ ಲೆಕ್ಕವಿದೆ, ಹೊಣೆ ಹೊರುವವನಿದ್ದಾನೆ.

ಜಗಳೂರಿನಲ್ಲಂತೂ ಹೊಸ ಕಾನೂನೂ ಬೇಕಾಗಿಲ್ಲ. ವನ್ಯಜೀವಿಧಾಮ ಘೋಷಣೆಯಾದ ಮೂರು ತಿಂಗಳೊಳಗೆ ಅದರ ಸುತ್ತ 10 ಕಿಲೋಮೀಟರಿನಲ್ಲಿರುವ ಪ್ರತಿಯೊಬ್ಬ ಬಂದೂಕು ಲೈಸೆನ್ಸುದಾರನೂ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು, ಅಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು ಎಂದು 1972ರ ಕಾಯ್ದೆಯ 34ನೇ ಕಲಮು ಹೇಳುತ್ತದೆ. ಅದರ ಹಿಂದಿನ 33ಎ ಕಲಮು ಸುತ್ತಲಿನ ಐದು ಕಿಲೋಮೀಟರಿನ ದನಕರುಗಳಿಗೆ ಲಸಿಕೆ ಹಾಕಿಸುವ ಕೆಲಸವನ್ನು ಇದೇ ಅಧಿಕಾರಿಗೆ ವಹಿಸುತ್ತದೆ. ಹೆಸರು ಬರೆದುಕೊಳ್ಳುವ ಕರ್ತವ್ಯ, ಸೇವೆ ಮಾಡುವ ಕರ್ತವ್ಯ ಎರಡನ್ನೂ ಕಾನೂನು ಅಕ್ಕಪಕ್ಕದಲ್ಲೇ ಇಟ್ಟಿದೆ. ರಂಗಯ್ಯನದುರ್ಗದ ಸುತ್ತಲಿನ ಬಂದೂಕುದಾರರನ್ನು ಈ ನೋಂದಣಿಯ ಆಧಾರದ ಮೇಲೆಯೇ ವರ್ಷಕ್ಕೊಮ್ಮೆ ಕರೆದು ಕೂರಿಸಬಹುದು. ಹಂದಿಗೂ ಕೊಂಡುಕುರಿಗೂ ಇರುವ ಹೆಜ್ಜೆಯ ವ್ಯತ್ಯಾಸ ತೋರಿಸಿ, ಅರ್ಜಿ ಬರೆಯುವುದನ್ನು ಹೇಳಿಕೊಟ್ಟು, ತಂತಿ ಹಾಕುವವರ ಸುದ್ದಿ ಕೊಡಲು ಒಂದು ಫೋನ್ ನಂಬರು ಕೊಟ್ಟರೆ ಅದೇ ದೊಡ್ಡ ಕೆಲಸ.

ಇಷ್ಟರ ನಡುವೆ ಅತ್ಯಂತ ನೋವಿನ ಕತೆ ಹಕ್ಕಿ-ಪಿಕ್ಕಿಗಳದ್ದು. ಅಲೆಮಾರಿಗಳಾಗಿದ್ದ ಈ ಜನರನ್ನು ಸರ್ಕಾರ ಒಂದೆಡೆ ನೆಲೆ ನಿಲ್ಲಿಸಲು ಹೊರಟಾಗ ಹುಟ್ಟಿದ ಊರುಗಳಲ್ಲಿ ಚನ್ನಗಿರಿ ತಾಲ್ಲೂಕಿನ ಗೋಪನಾಳ್, ಅಸ್ತಾಪನಹಳ್ಳಿ ಸೇರಿವೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅವರ ಸಂಖ್ಯೆ 11,892. ಮನೆಯ ಮಾತು ವಾಗ್ರಿ, ಹೊರಗಿನ ಮಾತು ಕನ್ನಡ. ಗೌಜಲಕ್ಕಿ, ಲಾವುಗೆ ಹಿಡಿಯುವುದು ಕುಲದ ಕಸುಬು. ಪಳಗಿಸಿದ ಹಕ್ಕಿಯನ್ನು ಮುಂದಿಟ್ಟು ಕೂಗಿಸಿ ಕಾಡಿನ ಹಕ್ಕಿಯನ್ನು ಕರೆಸುವುದು, ಅದು ನಡೆದು ಬರುವ ದಾರಿಯನ್ನು ಊಹಿಸಿ ಕಾಲಿಗೆ ಸಿಕ್ಕುವಂತೆ ಕುಣಿಕೆ ನೆಡುವುದು, ರೆಕ್ಕೆಗೆ ಪೆಟ್ಟಾಗದಂತೆ ಬಿಡಿಸಿಕೊಳ್ಳುವುದು. ಇದಕ್ಕೆ ಬೇಕಾದ ಗಮನ, ತಾಳ್ಮೆ, ಋತುಮಾನದ ತಿಳಿವಳಿಕೆ ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವಂಥದ್ದಲ್ಲ. 1972ರ ಕಾಯ್ದೆಯ ವ್ಯಾಖ್ಯೆಯಲ್ಲಿ ಕುಣಿಕೆ ಒಡ್ಡುವುದೂ ಬೇಟೆ, ಗೂಡಿನ ಮೊಟ್ಟೆ ಮುಟ್ಟುವುದೂ ಬೇಟೆ. ಕಸುಬು ಅಪರಾಧವಾಯಿತು. ಜನ ಬದುಕಲು ಪ್ಲಾಸ್ಟಿಕ್ ಹೂವು ಮಾರಿದರು, ಎಣ್ಣೆ ಕಾಯಿಸಿದರು, ಆಫ್ರಿಕಕ್ಕೆ ವಿಮಾನ ಹತ್ತಿದರು. ಓದು ಬರಹ ಹೆಚ್ಚಿಲ್ಲದವರು ಪಾಸ್‌ಪೋರ್ಟು ಮಾಡಿಸಿ ಖಂಡ ದಾಟಿ ವ್ಯಾಪಾರ ಮಾಡಿದ್ದು ಸಣ್ಣ ಸಾಹಸವಲ್ಲ. ಆದರೆ ಅವರ ವಿದ್ಯೆಗೆ ಊರಿನಲ್ಲಿ ಗಿರಾಕಿ ಇರಲಿಲ್ಲವೆಂಬುದಕ್ಕೂ ಅದೇ ಸಾಕ್ಷಿ.

ತಮಿಳುನಾಡಿನ ಇರುಳರಿಗೂ ಇದೇ ಕಾನೂನು ಇದೇ ಪೆಟ್ಟು ಕೊಟ್ಟಿತ್ತು. ಹಾವು ಹಿಡಿದು ಚರ್ಮ ಮಾರುತ್ತಿದ್ದವರು ಅವರು. ಚರ್ಮದ ವ್ಯಾಪಾರ ನಿಂತಾಗ ಹಸಿದರು. ಉರಗತಜ್ಞ ರೋಮುಲಸ್ ವಿಟೇಕರ್ ಅವರ ಪ್ರಯತ್ನದಿಂದ 1978ರಲ್ಲಿ ಇರುಳ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ಸರ್ಕಾರದ ಅನುಮತಿಯ ಮೇಲೆ ನಾಗರ, ಕಟ್ಟುಹಾವು, ಮಂಡಲ ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ದೇಶದಲ್ಲಿ ಹಾವು ಕಡಿತಕ್ಕೆ ಕೊಡುವ ಔಷಧಿ ತಯಾರಾಗುವುದು ಬಹುಮಟ್ಟಿಗೆ ಆ ವಿಷದಿಂದ. ಸಂಘದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಗೋಪನಾಳ್‌ನಂಥ ಊರುಗಳ ಮನೆಗಳು ಸುಡಾನಿನಿಂದ ಫೋನು ಬರುವುದನ್ನು ಕಾಯುತ್ತಿದ್ದವು. ಎರಡು ಸಮುದಾಯ, ಒಂದೇ ಕಾಯ್ದೆ. ಒಂದು ಕಡೆ ನಿಷೇಧದ ಜೊತೆಗೆ ಅನುಮತಿ ಪತ್ರವೂ ಕೆಲಸವೂ ಬಂದವು, ಇನ್ನೊಂದು ಕಡೆ ನಿಷೇಧ ಮಾತ್ರ ಬಂತು.

ಹಕ್ಕಿ ಹಿಡಿಯುವ ವಿದ್ಯೆಗೇ ವಿಜ್ಞಾನದಲ್ಲಿ ಜಾಗವಿದೆ ಎಂಬುದಕ್ಕೂ ಉದಾಹರಣೆ ಬೇಕಾದರೆ ಬಿಹಾರದ ಮೀರ್‌ಶಿಕಾರರಿದ್ದಾರೆ. ಪರಂಪರೆಯಿಂದ ಹಕ್ಕಿ ಹಿಡಿಯುವ ಈ ಜನರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸಕ್ಕೆ ಕರೆದುಕೊಂಡಿತು. ಅವರಲ್ಲೊಬ್ಬರಾದ ಅಲಿ ಹುಸೇನ್ ಪಕ್ಷಿತಜ್ಞರ ನಡುವೆ ಹೆಸರುವಾಸಿ. ಚಳಿಗಾಲದಲ್ಲಿ ಹಕ್ಕಿಗಳು ಇಳಿಯುವ ಸೂಳೆಕೆರೆ ಗೋಪನಾಳ್, ಅಸ್ತಾಪನಹಳ್ಳಿಯವರಿಗೆ ಅವರ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಹಕ್ಕಿ ಎಣಿಕೆಯೋ ಅಧ್ಯಯನವೋ ನಡೆದರೆ ಮೊದಲ ಕೂಲಿ, ಮೊದಲ ಗುರುತಿನ ಚೀಟಿ ಇವರಿಗೆ ಸಿಗಬೇಕು. ಸಂಬಳ ಕೊಟ್ಟು ಕರೆಯಬೇಕು, ದಯೆಗೆಂದು ಕರೆಯಬಾರದು.

ಸೂಳೆಕೆರೆಯೆಂದ ಮೇಲೆ ಮೀನಿನ ಮಾತು ಬರಲೇಬೇಕು. ಎರಡು ಗುಡ್ಡಗಳ ನಡುವೆ ಹರಿದ್ರಾವತಿ ಹಳ್ಳಕ್ಕೆ ಏರಿ ಹಾಕಿ ಕಟ್ಟಿದ, ಶಾಂತಿಸಾಗರವೆಂದೂ ಕರೆಯುವ ಈ ಕೆರೆ ದೇಶದ ಅತಿ ದೊಡ್ಡ ಕೆರೆಗಳಲ್ಲಿ ಒಂದು. ಕಾಟ್ಲಾ, ರೋಹು, ಗೆಂಡೆ ಇಲ್ಲಿಂದ ಸುತ್ತಲಿನ ಸಂತೆಗಳಿಗೆ ಹೋಗುತ್ತವೆ. ಮೀನುಗಾರನಿಗೆ ಸರ್ಕಾರದ ಬಾಗಿಲು ಬೇಟೆಗಾರನಷ್ಟು ಮುಚ್ಚಿಲ್ಲ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆಯಿದೆ, ಲೈಸೆನ್ಸಿದೆ, ಸಹಕಾರ ಸಂಘಗಳಿವೆ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಅಪಘಾತದಿಂದ ಸತ್ತ ಮೀನುಗಾರನ ಮನೆಗೆ ಐದು ಲಕ್ಷ ರೂಪಾಯಿ ವಿಮೆಯಿದೆ. ಆದರೆ ಅದು ಮೀನುಗಾರಿಕೆ ಇಲಾಖೆಯ ಲೋಕ. ನೀರಿನಲ್ಲಿರುವ ಆಮೆ, ನೀರುನಾಯಿ, ಹಕ್ಕಿ ಅರಣ್ಯ ಇಲಾಖೆಯವು. ಬೀಸುಬಲೆಗೆ ಆಮೆ ಸಿಕ್ಕಿದರೆ ಏನು ಮಾಡಬೇಕೆಂದು ಹೇಳಿಕೊಡುವ ಹೊಣೆ ಎರಡೂ ಇಲಾಖೆಗಳ ನಡುವಿನ ಸಂದಿಯಲ್ಲಿ ಬಿದ್ದಿದೆ. ಹೊಸಪೇಟೆಯ ಕೆಳಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಮೀಸಲು ಎಂದು ಘೋಷಿಸಲಾಯಿತು. ಅದೇ ಹೊಳೆ ಮೇಲೆ ಹೊನ್ನಾಳಿಯ ಪಕ್ಕದಲ್ಲಿ ಹರಿಯುತ್ತದೆ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದು 1897ರಿಂದಲೂ ಅಪರಾಧ. ಅದನ್ನು ಮೊದಲು ನೋಡುವವನು ಹರಿಗೋಲಿನಲ್ಲಿ ಕೂತ ಅಂಬಿಗ, ದಡದಲ್ಲಿ ಗಾಳ ಹಾಕಿ ಕೂತವನು. ಶೋಕಿಗೆ ಗಾಳ ಹಾಕುವವರೂ ಕಾವಲುಗಾರರಾಗಬಲ್ಲರು ಎಂಬುದನ್ನು ಕಾವೇರಿಯಲ್ಲಿ ಕಂಡಿದ್ದೇವೆ. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ಹೊಳೆಯ ಒಂದು ಭಾಗವನ್ನು ಗುತ್ತಿಗೆ ಪಡೆದು, ಹಿಡಿದ ಮಹಶೀರ್ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಬೆಳೆಸಿದರು, ಕಳ್ಳಬೇಟೆಯ ಮೇಲೂ ಕಣ್ಣಿಟ್ಟರು. ಮುಂದೆ ಕಾವೇರಿಯ ಅಭಯಾರಣ್ಯದೊಳಗೆ ಗಾಳ ನಿಂತದ್ದು ಕಾನೂನಿನ ದೃಷ್ಟಿಯಿಂದ ಸರಿ. ಹೊನ್ನಾಳಿಯ ಹೊಳೆ ಅಭಯಾರಣ್ಯವಲ್ಲ, ಅಲ್ಲಿ ಈ ಮೈತ್ರಿಗೆ ಅಡ್ಡಿಯಿಲ್ಲ.

ಇನ್ನು ಸೈನಿಕರು. ಹದಿನೇಳು ವರ್ಷ ಸೇವೆ ಮುಗಿಸಿ ನಲವತ್ತರೊಳಗೆ ಊರಿಗೆ ಬರುವ ಸಿಪಾಯಿಗೆ ಬಂದೂಕಿನ ಶಿಸ್ತು ಗೊತ್ತು, ರಾತ್ರಿ ಗಸ್ತು ಗೊತ್ತು, ನಕ್ಷೆ ಓದಲು ಗೊತ್ತು. ಊರಿನಲ್ಲಿ ಅವನಿಗೆ ಸಿಗುವುದು ಬ್ಯಾಂಕಿನ ಬಾಗಿಲು ಕಾಯುವ ಕೆಲಸ. 1982ರಲ್ಲಿ ಟೆರಿಟೋರಿಯಲ್ ಆರ್ಮಿಯಡಿ ಮಾಜಿ ಸೈನಿಕರನ್ನೇ ಸೇರಿಸಿ 127ನೇ ಪರಿಸರ ಬೆಟಾಲಿಯನ್ ಕಟ್ಟಲಾಯಿತು. ಸುಣ್ಣದಕಲ್ಲಿನ ಗಣಿಗಾರಿಕೆಯಿಂದ ಬೋಳಾಗಿದ್ದ ಮಸ್ಸೂರಿಯ ಗುಡ್ಡಗಳನ್ನು ಅವರು ಮತ್ತೆ ಹಸಿರು ಮಾಡಿದರು. ಬರದ ಮರಾಠವಾಡದಲ್ಲೂ ಮುಂದೆ ಇಂಥದೇ ಬೆಟಾಲಿಯನ್ ಬಂತು. ಜಗಳೂರಿನ ಬೋಳುಗುಡ್ಡಗಳಿಗೆ ಬೆಟಾಲಿಯನ್ ಬೇಕಾಗಿಲ್ಲ, ಹತ್ತು ಹದಿನೈದು ಜನರ ತಂಡ ಸಾಕು. 2022ರಲ್ಲಿ ಶುರುವಾದ ಅಗ್ನಿಪಥ ಸೇನಾ ನೇಮಕಾತಿಯ ಮೊದಲ ತಂಡಕ್ಕೆ ನಾಲ್ಕು ವರ್ಷದ ಅವಧಿ ತುಂಬುವ ಕಾಲ ಇದು. ನಾಲ್ವರಲ್ಲಿ ಮೂವರು ಮನೆಗೆ ಮರಳುತ್ತಾರೆ. ಹರಿಯಾಣ 2024ರಲ್ಲೇ ಅರಣ್ಯ ರಕ್ಷಕರ ಹುದ್ದೆಯೂ ಸೇರಿದಂತೆ ಕೆಲವು ನೇಮಕಾತಿಗಳಲ್ಲಿ ಹೀಗೆ ಮರಳುವ ಅಗ್ನಿವೀರರಿಗೆ ಶೇ 10 ಮೀಸಲಾತಿ ಘೋಷಿಸಿತು.

ಇಲಾಖೆಯ ಕಡೆಯ ಮಾತೂ ಕೇಳಬೇಕು. ಸಿಬ್ಬಂದಿ ಕಡಿಮೆ, ಒಬ್ಬ ಗಾರ್ಡಿನ ಮೇಲೆ ಹತ್ತಾರು ಹಳ್ಳಿ. ಬಂದೂಕಿನವನಿಗೆ ಸಲಿಗೆ ಕೊಟ್ಟರೆ ಹಂದಿಯ ಹೆಸರಿನಲ್ಲಿ ಕೊಂಡುಕುರಿ ಬೀಳುತ್ತದೆ ಎಂಬ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಮದ್ದು ಪರಿಚಯವೇ. ಹೆಸರು ಪಟ್ಟಿಯಲ್ಲಿರುವ, ಲೈಸೆನ್ಸ್ ಕಳೆದುಕೊಳ್ಳುವ ಅಂಜಿಕೆಯಿರುವ ಮನುಷ್ಯನಿಗಿಂತ ಯಾರಿಗೂ ಗೊತ್ತಿಲ್ಲದವನು ಹೆಚ್ಚು ಧೈರ್ಯವಾಗಿ ಕಾಡಿಗೆ ನುಗ್ಗುತ್ತಾನೆ. ಸಿಬ್ಬಂದಿಯ ಕೊರತೆಗೂ ಉತ್ತರ ಇದೇ ಜನರಲ್ಲಿದೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕುಗಳಲ್ಲಿ ತಿಂಗಳಿಗೊಂದು ದಿನ ಆರ್‌ಎಫ್‌ಒ, ತಹಶೀಲ್ದಾರ್, ಪೊಲೀಸ್ ಇನ್ಸ್‌ಪೆಕ್ಟರ್, ಮೀನುಗಾರಿಕೆ ಅಧಿಕಾರಿ ಒಂದೇ ಕೋಣೆಯಲ್ಲಿ ಕೂರಲಿ. ಬೆಳೆ ಪರಿಹಾರದ ಅರ್ಜಿ, ಕೋವಿಯ ನವೀಕರಣ, ಹಂದಿಯ ಅನುಮತಿ, ಮೀನುಗಾರನ ವಿಮೆ ಅಲ್ಲೇ ಇತ್ಯರ್ಥವಾಗಲಿ. ಹಂಗಾಮಿ ಕಾವಲುಗಾರರನ್ನು ತೆಗೆದುಕೊಳ್ಳುವಾಗ ಹಕ್ಕಿ-ಪಿಕ್ಕಿ ಯುವಕರಿಗೂ ಮಾಜಿ ಸೈನಿಕರಿಗೂ ಮೊದಲ ಕರೆ ಹೋಗಲಿ. ಇದಕ್ಕೆ ವಿಧಾನಸಭೆಯ ಮಸೂದೆ ಬೇಡ, ಜಿಲ್ಲಾಧಿಕಾರಿಯೂ ಎರಡು ಅರಣ್ಯ ವಿಭಾಗಗಳ ಡಿಸಿಎಫ್‌ಗಳೂ ಒಟ್ಟಿಗೆ ಕೂತು ಸಹಿ ಹಾಕಿದ ಒಂದು ಸುತ್ತೋಲೆ ಸಾಕು. ಈ ನಾಲ್ಕು ತಾಲ್ಲೂಕಿನ ಶಾಸಕರು ಮುಂದಿನ ಕೆಡಿಪಿ ಸಭೆಯಲ್ಲಿ ಅದನ್ನು ಕೇಳಬೇಕು.